ಕೆಳಗಿನ ಅಂಕಿ

ಹದಿಮೂರನೇ ಟೋಕನ್ ಎಂದು ಗುಮಾಸ್ತ ಎರಡು ಸಲ ಕೂಗಿದ್ದು ಅವಳಿಗೆ ಕೇಳಿಸಲಿಲ್ಲ. ಮೂರನೇ ಸಲಕ್ಕೆ ಪಕ್ಕದಲ್ಲಿ ಕೂತಿದ್ದ ಹುಡುಗಿ ಚೀಲದ ಮೂಲೆಯಿಂದ ಅವಳ ಸೊಂಟಕ್ಕೆ ತಿವಿದು, "ಮೇಡಂ, ನಿಮ್ಮನ್ನೇ ಕರೀತಿದಾರೆ," ಎಂದಳು. ಬಸ್ಸಿನಲ್ಲಿ ಪಕ್ಕದ ಸೀಟಿನವರನ್ನು ಎಬ್ಬಿಸುವ ಧಾಟಿ. ಹೆತ್ತ ಮಗಳ ಬಾಯಿಂದ ಮೇಡಂ ಅನ್ನಿಸಿಕೊಂಡದ್ದು ಬೆಳಗ್ಗೆಯಿಂದ ಇದು ನಾಲ್ಕನೇ ಸಲ. ಅವಳೂ ಅಷ್ಟೇ ಬಿಗುಮಾನದಿಂದ "ಥ್ಯಾಂಕ್ಸ್ ಕಣಮ್ಮ" ಎಂದು ಎದ್ದು ನಾಲ್ಕನೇ ಮೇಜಿನ ಕೋಣೆಗೆ ಹೋದಳು.

ತುರ್ತು ವೈದ್ಯಕೀಯ ತಂತ್ರಜ್ಞರ ಪರೀಕ್ಷೆ ಎಂದು ಗೋಡೆಗೆ ಅಂಟಿಸಿದ ಹಾಳೆ ಹೇಳುತ್ತಿತ್ತು. ಜನರ ಬಾಯಲ್ಲಿ ಅದು ಆಂಬುಲೆನ್ಸಿನವರ ಪರೀಕ್ಷೆ. ತರಬೇತಿ ಕೇಂದ್ರದ ಉದ್ದನೆಯ ಕಾರಿಡಾರಿನ ಎರಡೂ ಬದಿ ಬೆಂಚು, ಬೆಂಚಿನ ತುಂಬ ಮಡಿಕೆ ಕೂಡ ಹೋಗದ ಹೊಸ ಬಿಳಿ ಅಂಗಿಯ ಹುಡುಗ ಹುಡುಗಿಯರು, ಅವರ ನಡುವೆ ಒಗೆದು ಒಗೆದು ಬಣ್ಣಗೆಟ್ಟ ಸಮವಸ್ತ್ರದ ಅವಳು. ವಯಸ್ಸು ಐವತ್ತೊಂದು, ಆಂಬುಲೆನ್ಸ್ ಹತ್ತಿ ಹತ್ತೊಂಬತ್ತು ವರ್ಷ. ಅವಳ ಕೇಂದ್ರದಲ್ಲಿ ಚಾಲಕನಿಂದ ಹಿಡಿದು ಮೇಲಧಿಕಾರಿಯವರೆಗೆ ಎಲ್ಲರಿಗೂ ಅವಳು ದೊಡ್ಡಕ್ಕ. ಇಷ್ಟು ವರ್ಷ ಲೈಸೆನ್ಸ್ ನವೀಕರಣ ಎಂದರೆ ಎರಡು ವರ್ಷಕ್ಕೊಮ್ಮೆ ತರಬೇತಿ ಗಂಟೆಗಳ ಕಾಗದ ಜೋಡಿಸಿ, ಮೊಹರು ಹಾಕಿಸಿ, ಫೋಟೋ ಅಂಟಿಸಿ ಕೊಟ್ಟು ಬರುವುದಾಗಿತ್ತು. ಫೋಟೋದಲ್ಲಿ ಕೂದಲು ಬೆಳ್ಳಗಾಗುತ್ತಾ ಹೋದದ್ದು ಬಿಟ್ಟರೆ ಬೇರೇನೂ ಬದಲಾಗುತ್ತಿರಲಿಲ್ಲ. ಈ ವರ್ಷ ಮೇಲಿನವರು ಯಾರೋ ನಿಯಮ ಬದಲಿಸಿದರು. ಹಳಬರಿರಲಿ ಹೊಸಬರಿರಲಿ, ಐದು ಮೇಜುಗಳ ಮುಂದೆ ನಿಂತು ಕೈಯಾರೆ ಮಾಡಿ ತೋರಿಸಿದವರಿಗೆ ಮಾತ್ರ ಲೈಸೆನ್ಸ್. ಒಂದು ಮೇಜಿನಲ್ಲಿ ತಪ್ಪಿದರೂ ಅವತ್ತಿನಿಂದಲೇ ರೋಗಿಯನ್ನು ಮುಟ್ಟುವಂತಿಲ್ಲ.

ಮೊದಲ ಮೇಜಿನಲ್ಲಿ ಅವಳು ಮುರಿದ ಕಾಲಿಗೆ ಪಟ್ಟಿ ಕಟ್ಟಿ ಮುಗಿಸಿ ಕೈ ಕಟ್ಟಿಕೊಂಡು ನಿಂತಿದ್ದಳು. ಪರೀಕ್ಷಕರು ತಲೆಯೆತ್ತಿ, "ಶುರು ಮಾಡಿ" ಎಂದಿದ್ದರು. ಇಲ್ಲಿ ಕೈ ಮಾಡಿದ್ದನ್ನು ಬಾಯಿ ಒದರದಿದ್ದರೆ ಮಾಡಿದ ಲೆಕ್ಕವಿಲ್ಲ. ಸ್ಥಳ ಸುರಕ್ಷಿತವಾಗಿದೆ, ಕೈಗವಸು ಹಾಕಿಕೊಂಡಿದ್ದೇನೆ, ಈಗ ರೋಗಿಯನ್ನು ಮಾತಾಡಿಸುತ್ತಿದ್ದೇನೆ ಎಂದು ಒಂದೊಂದನ್ನೂ ಹೇಳುತ್ತಾ ಹೋಗಬೇಕು. ಕಟ್ಟಿದ ಪಟ್ಟಿಯನ್ನು ಬಿಚ್ಚಿ ಮತ್ತೆ ಕಟ್ಟಿ ತೋರಿಸಿದಳು. ನಾಲ್ಕನೇ ಮೇಜಿನ ಹೊತ್ತಿಗೆ ಅದೂ ರೂಢಿಯಾಗಿತ್ತು. ಅಲ್ಲಿ ರಬ್ಬರಿನ ಹೊಟ್ಟೆಯಿಂದ ಗೊಂಬೆಮಗುವನ್ನು ಹೆರಿಗೆ ಮಾಡಿಸಬೇಕಿತ್ತು. ಓಡುವ ಗಾಡಿಯಲ್ಲಿ ಹನ್ನೊಂದು ಮಕ್ಕಳನ್ನು ಕೈಯಲ್ಲಿ ಹಿಡಿದವಳಿಗೆ ಗೊಂಬೆ ಯಾವ ಲೆಕ್ಕ. "ಮಗುವಿನ ಅಪ್ಪ ಎಲ್ಲಿ ಸರ್? ಇಷ್ಟು ಹೊತ್ತಿಗೆ ಅವನು ತಲೆ ತಿರುಗಿ ಬಿದ್ದಿರಬೇಕಿತ್ತು," ಎಂದಳು. ಅಲ್ಲಿದ್ದ ಪರೀಕ್ಷಕ ನಗುತ್ತಲೇ ಗುರುತು ಹಾಕಿದ.

ಆ ನಗು ಕಾರಿಡಾರಿನ ಬೆಂಚಿನವರೆಗೂ ಬರಲಿಲ್ಲ. ಇನ್ನು ಉಳಿದದ್ದು ಐದನೇ ಮೇಜು, ಬಿಪಿ ನೋಡುವುದು. ಹೊಸ ಹುಡುಗರಿಗೆಲ್ಲ ಅದೇ ಅತಿ ಸುಲಭದ್ದು. ಮೂಲೆಯಲ್ಲಿ ಇಬ್ಬರು ಅದನ್ನೇ ಹೇಳಿಕೊಂಡು ನಗುತ್ತಿದ್ದರು. ಅವಳು ತನ್ನ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು.

ಬಿಪಿ ಎಂದರೆ ಎರಡು ಅಂಕಿ. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿ ಮೆಲ್ಲಗೆ ಬಿಟ್ಟರೆ, ಮೊಣಕೈ ಮಡಿಕೆಯ ಮೇಲಿಟ್ಟ ಸ್ಟೆತಾಸ್ಕೋಪಿನಲ್ಲಿ ಟಪ್ ಟಪ್ ಸದ್ದು ಶುರುವಾಗುವಲ್ಲಿ ಮೇಲಿನ ಅಂಕಿ, ಅದು ನಿಲ್ಲುವಲ್ಲಿ ಕೆಳಗಿನ ಅಂಕಿ. ಮೇಲಿನದನ್ನು ಕಿವಿಯಿಲ್ಲದೆಯೂ ಹಿಡಿಯಬಹುದು. ಮಣಿಕಟ್ಟಿನ ಮೇಲೆ ಬೆರಳಿಟ್ಟುಕೊಂಡಿದ್ದರೆ ಸಾಕು, ಅಡಗಿದ್ದ ನಾಡಿ ಮತ್ತೆ ತಾಗಿದಾಗ ಮಾಪಕದ ಮುಳ್ಳು ಎಲ್ಲಿದೆಯೋ ಅದೇ. ಕೆಳಗಿನದಕ್ಕೆ ಮಾತ್ರ ಕಿವಿಯೇ ಬೇಕು. ಮೂರು ವರ್ಷದಿಂದ ಅವಳ ಕಿವಿಗೆ ಆ ಸದ್ದು ಬಿದ್ದಿರಲಿಲ್ಲ.

ಯಾರಿಗೂ ಹೇಳದೆ ಊರಿನ ಇನ್ನೊಂದು ತುದಿಯ ಕಿವಿ ಡಾಕ್ಟರರ ಹತ್ತಿರ ಹೋಗಿದ್ದಳು. ತಲೆಯ ಮೇಲೆ ಕೂಗುವ ಸೈರನ್ನೋ, ವಯಸ್ಸೋ, ಎರಡೂ ಕೂಡಿಯೋ ಹೇಳಲಾಗದು ಎಂದ ಡಾಕ್ಟರರು ಕಿವಿಗೆ ಯಂತ್ರ ಹಾಕಿಸಿಕೊಳ್ಳಲು ಹೇಳಿ, ನಿಮ್ಮ ಕಚೇರಿಗೂ ಬರೆದು ತಿಳಿಸಬೇಕಾಗುತ್ತೆ ಎಂದಿದ್ದರು. ಆ ಚೀಟಿ ಕಪಾಟಿನಲ್ಲಿ ಬಟ್ಟೆಗಳ ಅಡಿ ಸೇರಿತು. ತಿಳಿಸಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಗಾಡಿಯಿಂದ ಇಳಿಸಿದವರನ್ನು ಕೇಂದ್ರದಲ್ಲಿ ಫೋನಿನ ಮುಂದೆ ಕೂರಿಸುತ್ತಾರೆ. ಕಿವಿ ಕೇಳದವಳನ್ನು ಫೋನಿನ ಮುಂದೆ ಕೂರಿಸಿದರೆ ಊರು ಉದ್ಧಾರವಾದ ಹಾಗೇ. ಹಾಗಾಗಿ ಮನೆಗೇ ಕಳಿಸುತ್ತಾರೆ. ಮನೆಯಲ್ಲಿ ಕೂತು ದೂರದಲ್ಲಿ ಗಾಡಿ ಹೋಗುವುದನ್ನು ನೋಡುವ ದಿನಗಳನ್ನು ನೆನೆದರೆ ಅವಳಿಗೆ ನಿಜವಾಗಿ ಭಯವಾಗುತ್ತಿತ್ತು.

ಎದುರು ಮುಖವಿದ್ದರೆ ಮಾತು ತಿಳಿಯುತ್ತಿತ್ತು. ಗಾಡಿಯಲ್ಲಿ ಬಿಪಿ ನೋಡುವ ಯಂತ್ರವೂ ಇತ್ತು. ಆದರೆ ಗಾಡಿ ಕುಲುಕಿದರೆ ಯಂತ್ರ ಮುನಿಸಿಕೊಂಡು ಅಂಕಿಯ ಬದಲು ಗೆರೆ ಎಳೆದು ಸುಮ್ಮನಾಗುತ್ತಿತ್ತು. ಆಗ ಅವಳು ಮೇಲಿನದನ್ನು ಬೆರಳಲ್ಲಿ ಹಿಡಿದು ಸರಿಯಾಗಿ ಬರೆಯುತ್ತಿದ್ದಳು. ಕೆಳಗಿನದಕ್ಕೆ ಎಂಬತ್ತು ಎಂದು ಬರೆಯುತ್ತಿದ್ದಳು. ಎಂಬತ್ತು ಯಾರ ಕಣ್ಣಿಗೂ ಚುಚ್ಚದ ಅಂಕಿ. "ದೊಡ್ಡಕ್ಕನ ಪೇಷೆಂಟ್‌ಗಳೆಲ್ಲ ಪುಣ್ಯವಂತರಪ್ಪ, ಎಲ್ಲರಿಗೂ ಕೆಳಗಿಂದು ಎಂಬತ್ತೇ," ಎಂದು ಆಸ್ಪತ್ರೆಯ ನರ್ಸ್ ಒಮ್ಮೆ ತಮಾಷೆ ಮಾಡಿದಾಗ ಅವಳೂ ನಕ್ಕಿದ್ದಳು. ಆಸ್ಪತ್ರೆಯಲ್ಲಿ ಹೇಗೂ ಇನ್ನೊಮ್ಮೆ ನೋಡುತ್ತಾರಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಆ ಅಂಕಿಯಿಂದ ಯಾರಿಗೂ ಏನೂ ಆಗಿಲ್ಲವೆಂಬ ಖಾತ್ರಿ ಅವಳಿಗಿರಲಿಲ್ಲ. ಆಗಿದೆ ಎಂದು ಯಾರೂ ಬಂದು ಹೇಳಿರಲಿಲ್ಲ, ಅಷ್ಟೇ.

ಮಗಳು ಅದೇ ಕೋರ್ಸು ಮುಗಿಸಿ ಮೊದಲ ಲೈಸೆನ್ಸಿಗೆ ಓದುತ್ತಿದ್ದಳು. ಮನೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಪಟ್ಟಿ ಸುತ್ತಿ ಅಭ್ಯಾಸ ಮಾಡುವಾಗ ಹುಡುಗಿ ಎರಡು ದಿನ ಸುಮ್ಮನಿದ್ದಳು. ಮೂರನೇ ದಿನ ಪಟ್ಟಿ ಬಿಚ್ಚುತ್ತಾ, ತಾಯಿಯ ಮುಖಕ್ಕೆ ಮುಖ ಕೊಟ್ಟು ಕೇಳಿದಳು. "ಅಮ್ಮಾ, ಕೆಳಗಿಂದನ್ನ ನೀನು ಎಲ್ಲಿಂದ ತರ್ತೀಯಾ?"

ಅವಳಿಗೆ ಸುಳ್ಳು ಹೇಳಲಾಗಲಿಲ್ಲ. ಹುಡುಗಿ ಅಳಲಿಲ್ಲ, ಬೈಯಲಿಲ್ಲ. ಕೂತು ಉಪಾಯ ಹೂಡಿದಳು. ಐದನೇ ಮೇಜಿನಲ್ಲಿ ರೋಗಿಯಾಗಿ ಮಲಗುವುದು ಮುಂದಿನ ಟೋಕನ್ನಿನವರೇ, ಜೋಡಿ ಜೋಡಿಯಾಗಿ ಒಳಗೆ ಬಿಡುತ್ತಾರೆ. ಸಾಲಿನಲ್ಲಿ ಅಮ್ಮನ ಬೆನ್ನಿಗೇ ನಿಂತರೆ ಜೋಡಿ ತಾನೇ. "ನಂದು ಯಾವಾಗ ನೋಡಿದ್ರೂ ನೂರ ಹತ್ತು, ಎಪ್ಪತ್ತು. ಅಷ್ಟು ಹೇಳಿಬಿಡು. ಪರೀಕ್ಷಕರು ಬೇರೆ ಊರಿನವರು, ನಮ್ಮ ಗುರುತು ಯಾರಿಗಿದೆ?" ಹತ್ತು ದಿನ ಬೆಳಗ್ಗೆ ಯಂತ್ರದಲ್ಲಿ ನೋಡಿದರು. ಒಂದು ದಿನ ನೂರ ಎಂಟು, ಒಂದು ದಿನ ನೂರ ಹನ್ನೆರಡು. ಎಪ್ಪತ್ತು ಅಲುಗಲೇ ಇಲ್ಲ.

ಆದರೆ ಇವತ್ತು ಬೆಳಗ್ಗೆ ಗುಮಾಸ್ತ ಎಲ್ಲರ ಕೈಗೂ ಒಂದೊಂದು ಹಾಳೆ ಕೊಟ್ಟ. ನನ್ನ ಜೋಡಿಯಾಗಿರುವ ಅಭ್ಯರ್ಥಿ ನನ್ನ ಸಂಬಂಧಿಕರಲ್ಲ; ಸುಳ್ಳೆಂದು ಕಂಡುಬಂದರೆ ಇಬ್ಬರೂ ಮೂರು ವರ್ಷ ಪರೀಕ್ಷೆಗೆ ಕೂರುವಂತಿಲ್ಲ. ಕೆಳಗೆ ಸಹಿಗೆ ಜಾಗ. ಈ ನಿಯಮ ಇಬ್ಬರಿಗೂ ಗೊತ್ತಿರಲಿಲ್ಲ. ತಾಯಿ ಪೆನ್ನು ಹಿಡಿದು ಮಗಳ ಕಡೆ ತಿರುಗುವಷ್ಟರಲ್ಲಿ ಮಗಳು ಸಹಿ ಹಾಕಿ ಹಾಳೆಯನ್ನು ಗುಮಾಸ್ತನಿಗೆ ಕೊಟ್ಟಾಗಿತ್ತು. ಆಮೇಲೆ ತಾಯಿ ಹಾಕದಿದ್ದರೆ ಮಗಳದು ಸುಳ್ಳೆಂದು ಬಯಲಾಗುತ್ತಿತ್ತು. ಹಾಕಿದಳು.

"ಹದಿಮೂರು, ಹದಿನಾಲ್ಕು," ಎಂದು ಗುಮಾಸ್ತ ಕೂಗಿದ. ಈ ಸಲ ಅವನ ತುಟಿಯನ್ನೇ ನೋಡುತ್ತಿದ್ದಳಾದ್ದರಿಂದ ತಕ್ಷಣ ಎದ್ದಳು.

ಐದನೇ ಕೋಣೆ ಎಂದರೆ ಉಗ್ರಾಣವನ್ನು ಖಾಲಿ ಮಾಡಿದ ಜಾಗ. ಒಂದು ಮಂಚ, ಒಂದು ಕುರ್ಚಿ, ಒಂದು ಮೇಜು. ಕಿಟಕಿಗೆ ಬಣ್ಣ ಬಳಿಯುವಾಗ ಚೌಕಟ್ಟನ್ನೂ ಸೇರಿಸಿ ಬಳಿದು ಅದು ತೆರೆಯದ ಹಾಗಾಗಿತ್ತು. ಗುಮಾಸ್ತ ಹೊರಗಿನಿಂದ ಬಾಗಿಲೆಳೆದುಕೊಂಡ. ಪರೀಕ್ಷಕರು ಅರವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ, ನಿವೃತ್ತ ಡಾಕ್ಟರರಂತೆ. ಕುತ್ತಿಗೆಯಲ್ಲಿ ಎರಡು ಜೊತೆ ಕೊಳವೆಗಳ ಸ್ಟೆತಾಸ್ಕೋಪು. ಒಂದೇ ಬಿಲ್ಲೆ, ಒಂದು ಜೊತೆ ಕೊಳವೆ ಅಭ್ಯರ್ಥಿಯ ಕಿವಿಗೆ, ಇನ್ನೊಂದು ಪರೀಕ್ಷಕರ ಕಿವಿಗೆ. ಅವಳು ಕೇಳಿದ್ದನ್ನೇ ಅವರೂ ಕೇಳುತ್ತಾರೆ.

"ಎಷ್ಟು ವರ್ಷದ ಸರ್ವಿಸು?"

"ಹತ್ತೊಂಬತ್ತು, ಸರ್."

"ಹಾಗಾದ್ರೆ ನನಗೇ ಹೇಳಿಕೊಡ್ತೀರಿ," ಎಂದು ಅವರು ನಕ್ಕರು. ಒಳ್ಳೆಯ ಮನುಷ್ಯ. ಸಿಡುಕನಾಗಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

ಮಗಳು ಮಂಚದ ಮೇಲೆ ಮಲಗಿ ತೋಳು ಚಾಚಿದಳು. ಮುಖ ಶಾಂತವಾಗಿತ್ತು, ಕಣ್ಣು ಮೇಲೆ ಫ್ಯಾನಿನ ಕಡೆಗೆ. ತಾಯಿ ಹೇಳಬೇಕಾದ್ದನ್ನೆಲ್ಲ ಹೇಳುತ್ತಾ ಪಟ್ಟಿ ಸುತ್ತಿದಳು. "ಈಗ ಮಣಿಕಟ್ಟಿನ ನಾಡಿ ಹಿಡೀತಾ ಇದ್ದೀನಿ. ನಾಡಿ ಅಡಗೋ ತನಕ ಗಾಳಿ ತುಂಬ್ತೀನಿ." ಬೆರಳಿಟ್ಟಳು. ಒಂದು ಕ್ಷಣ ತಪ್ಪು ಕೈ ಹಿಡಿದೆನೇನೋ ಅನ್ನಿಸಿತು.

ನಾಡಿ ಓಡುತ್ತಿತ್ತು. ಹತ್ತು ದಿನ ಬೆಳಗ್ಗೆ ಹಿಡಿದ ಆ ತಣ್ಣನೆಯ, ಸಾವಧಾನದ ನಾಡಿಯೇ ಅಲ್ಲ ಅದು. ಗಾಳಿ ತುಂಬಿದಳು, ಬಿಟ್ಟಳು. ನೂರ ಹತ್ತಕ್ಕೆ ಮರಳಿ ಬರಬೇಕಾದ ನಾಡಿ ನೂರ ಮೂವತ್ತೆಂಟಕ್ಕೇ ಬೆರಳಿಗೆ ಬಡಿಯಿತು.

ಆಗ ಅವಳಿಗೆ ತಿಳಿಯಿತು. ಮುಖ ಎಷ್ಟು ಚೆನ್ನಾಗಿ ನಟಿಸಿದರೇನು, ಹುಡುಗಿ ಒಳಗೊಳಗೇ ಹೆದರಿ ನಡುಗುತ್ತಿದ್ದಳು. ಬೆಳಗ್ಗೆಯಿಂದಲೂ ಹೀಗೇ ಇದ್ದಳೇನೋ. ಮೇಡಂ ಮೇಡಂ ಎಂದು ತಿವಿಯುತ್ತಿದ್ದಾಗಲೂ. ಆ ಬಡಿತ ತಾಯಿಯ ಸಲುವಾಗಿತ್ತು. ಇಬ್ಬರೂ ಸೇರಿ ಎಷ್ಟೆಲ್ಲ ಲೆಕ್ಕ ಹಾಕಿದ್ದರು. ಬಿಪಿ ಎಂಬುದು ಹೆದರಿದಾಗ ಏರುತ್ತದೆ ಎಂಬ ಮೊದಲ ಪಾಠವೊಂದನ್ನೇ ಮರೆತಿದ್ದರು. ರೋಗಿಗಳಿಗೆ ಅವಳೇ ಸಾವಿರ ಸಲ ಹೇಳಿದ ಮಾತು ಅದು.

"ಈಗ ಕಿವಿಗೆ ಹಾಕ್ಕೊಂಡು ಕೇಳಿ," ಎಂದರು ಪರೀಕ್ಷಕರು ತಮ್ಮ ಕೊಳವೆಗಳನ್ನು ಸಿಕ್ಕಿಸಿಕೊಳ್ಳುತ್ತಾ.

ಅವಳು ಗಾಳಿ ತುಂಬಿ ಬಿಟ್ಟಳು. ಮುಳ್ಳು ಇಳಿಯುತ್ತಾ ಬಂತು. ಕಿವಿಯಲ್ಲಿ ಏನೂ ಇರಲಿಲ್ಲ. ನೀರಿನೊಳಗೆ ತಲೆ ಮುಳುಗಿಸಿದಾಗಿನ ಒಂದು ಗುಂಯ್, ಅಷ್ಟೇ. ಅವಳ ಕಿವಿಗೆ ಬಾರದ ಮಗಳ ಎದೆಬಡಿತ ಆ ಅಪರಿಚಿತನ ಕಿವಿಗೆ ಸ್ಪಷ್ಟವಾಗಿ ಬೀಳುತ್ತಿತ್ತು. ಅವರು ತಲೆಯನ್ನು ಸಣ್ಣಗೆ ಆಡಿಸುತ್ತಿದ್ದರು.

ನೂರ ಹತ್ತು, ಎಪ್ಪತ್ತು ಎಂದರೆ ಸಿಕ್ಕಿಬಿದ್ದಂತೆ. ನಾಲ್ಕು ಅಂಕಿಯೊಳಗೆ ಹೆಚ್ಚು ಕಡಿಮೆಯಾದರೆ ಒಪ್ಪುತ್ತಾರೆ, ಅದು ಮೀರಿದರೆ ತಪ್ಪು. ಮೂವತ್ತು ಕಡಿಮೆಯಾದರೆ ಅದು ಬಾಯಿಪಾಠ. ಯಾರದೋ ಅಪರಿಚಿತರ ಬಿಪಿ ನಿಮಗೆ ಬಾಯಿಪಾಠ ಹೇಗೆ ಎಂದು ಅವರು ಕೇಳುತ್ತಾರೆ. ಆಮೇಲೆ ಮಂಚದ ಮೇಲಿನ ಮುಖವನ್ನು ನೋಡುತ್ತಾರೆ. ಆ ಮೂಗು ಎಲ್ಲಿಂದ ಬಂತೆಂದು ಹೇಳಲು ಡಾಕ್ಟರೇ ಆಗಬೇಕಿರಲಿಲ್ಲ.

"ಹೇಳಿ," ಎಂದರು.

"ಮೇಲಿಂದು ನೂರ ಮೂವತ್ತೆಂಟು." ಮಂಚದ ಮೇಲೆ ಮಗಳ ಕಣ್ಣು ಫ್ಯಾನಿನಿಂದ ಇಳಿದು ಅವಳ ಕಡೆ ತಿರುಗಿತು. "ಕೆಳಗಿಂದು ಸಿಗಲಿಲ್ಲ, ಸರ್."

"ಪರವಾಗಿಲ್ಲ. ಎರಡನೇ ಅವಕಾಶ ಇದೆ. ಎಲ್ಲರೂ ಗಾಬರಿ ಆಗ್ತಾರೆ. ಇನ್ನೊಂದ್ಸಲ ನಿಧಾನವಾಗಿ ನೋಡಿ."

ಮತ್ತೆ ಗಾಳಿ. ಮತ್ತೆ ಮುಳ್ಳು. ಊಹಿಸಿ ಹೇಳಬಹುದಿತ್ತು. ಮೇಲಿನದು ಅಷ್ಟಿದ್ದರೆ ಕೆಳಗಿನದು ಎಂಬತ್ತಾರೋ ಎಂಬತ್ತೆಂಟೋ ಇದ್ದೀತು, ಹತ್ತೊಂಬತ್ತು ವರ್ಷದ ಅಂದಾಜು ನಾಲ್ಕು ಅಂಕಿಯೊಳಗೆ ಬಿದ್ದೇ ಬೀಳುತ್ತಿತ್ತು. ಲೈಸೆನ್ಸ್ ಸಿಗುತ್ತಿತ್ತು. ನಾಳೆ ಬೆಳಗ್ಗೆ ಗಾಡಿ ಹತ್ತಿ, ಯಂತ್ರ ಮುನಿಸಿಕೊಂಡಾಗ ಎಂಬತ್ತು ಎಂದು ಬರೆಯಬಹುದಿತ್ತು. ಇನ್ನೆರಡು ವರ್ಷ. ಅದಾದ ಮೇಲೆ ಇದೇ ಕೋಣೆ. ಮಗಳ ತುಟಿ ಮೆಲ್ಲಗೆ ಅಲುಗಿತು. ಎಪ್ಪತ್ತು ಎನ್ನುತ್ತಿದ್ದಳು, ಪಾಪ. ತನ್ನ ಮೈ ಏನು ಮಾಡುತ್ತಿದೆಯೆಂದು ಹುಡುಗಿಗೇ ಗೊತ್ತಿರಲಿಲ್ಲ. ಮಗಳ ಕೈಯನ್ನೇ ಹಿಡಿದುಕೊಂಡು ಒಂದು ಅಂಕಿಯನ್ನು ಹುಟ್ಟಿಸಿ ಹೇಳಲು ಅವಳಿಗೆ ಬಾಯಿ ಬರಲಿಲ್ಲ.

ಕೊಳವೆಗಳನ್ನು ಕಿವಿಯಿಂದ ತೆಗೆದಳು. "ನನಗೆ ಕೇಳ್ಸಲ್ಲ, ಸರ್. ಗಾಬರಿಯಿಂದಲ್ಲ. ಮೂರು ವರ್ಷ ಆಯ್ತು."

ಪರೀಕ್ಷಕರು ತಾವೂ ಕೊಳವೆ ತೆಗೆದು ಕುತ್ತಿಗೆಗೆ ಹಾಕಿಕೊಂಡರು. ಹೊರಗೆ ಯಾರೋ ಬೆಂಚು ಎಳೆದದ್ದು ಅವಳಿಗೆ ನೆಲ ಅದುರಿದ್ದರಿಂದ ತಿಳಿಯಿತು.

"ಮೂರು ವರ್ಷ ಕೆಳಗಿಂದು ಏನಂತ ಬರೀತಿದ್ರಿ?"

"ಎಂಬತ್ತು."

"ಎಲ್ಲರಿಗೂ?"

"ಯಂತ್ರ ಕೈಕೊಟ್ಟಾಗೆಲ್ಲ. ಎಲ್ಲರಿಗೂ."

ಬೈಯುತ್ತಾರೆಂದುಕೊಂಡಳು, ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಹಾಳೆಯ ಮೇಲೆ ನಿಧಾನವಾಗಿ ನಾಲ್ಕು ಸಾಲು ಬರೆದು, ಅದನ್ನು ಅವಳ ಕಡೆ ತಿರುಗಿಸಿ ಓದಲು ಕೊಟ್ಟರು. "ಇದನ್ನ ಬರೀದೇ ಇರೋಕೆ ನನಗಾಗಲ್ಲ," ಎಂದರು, ಈಗ ತುಟಿ ಬಿಡಿಸಿ, ಅವಳಿಗೆ ಕಾಣುವ ಹಾಗೆ. "ಹೋಗುವಾಗ ಲೈಸೆನ್ಸ್ ಕಾರ್ಡನ್ನ ಗುಮಾಸ್ತರಿಗೆ ಕೊಟ್ಟು ಹೋಗಿ." ಆಮೇಲೆ ಏನೋ ನೆನಪಾದವರಂತೆ ಇನ್ನೊಂದು ಹಾಳೆ ಎಳೆದುಕೊಂಡರು. "ಅದಕ್ಕೂ ಮುಂಚೆ ಇವರದು ಮುಗೀಲಿ. ನೀವು ಮಲಗಿ. ಹದಿನಾಲ್ಕು, ಏಳಮ್ಮ."

ಕೋಣೆ ಬಿಟ್ಟು ಓಡಿಹೋಗಬೇಕೆನ್ನಿಸಿದ ಗಳಿಗೆಯಲ್ಲೇ ಅವಳು ಮಂಚ ಹತ್ತಿ ಮಲಗಬೇಕಾಯಿತು. ಹಾಸು ಮಗಳ ಬೆನ್ನಿನಿಂದ ಇನ್ನೂ ಬಿಸಿಯಾಗಿತ್ತು. ಮೇಲೆ ಫ್ಯಾನು ಸದ್ದಿಲ್ಲದೆ ತಿರುಗುತ್ತಿತ್ತು, ಉಳಿದವರಿಗೆ ಸದ್ದಿತ್ತೇನೋ. ಹುಡುಗಿ ಪಟ್ಟಿ ಸುತ್ತಿದಳು. ಬೆರಳುಗಳು ಐಸಿನಂತಿದ್ದವು. ತಾಯಿಯ ಮುಖ ನೋಡುತ್ತಿರಲಿಲ್ಲ. ಗಾಳಿ ತುಂಬಿದಳು, ತೋಳು ಬಿಗಿಯಿತು, ಇನ್ನೂ ಬಿಗಿಯಿತು. ಆಮೇಲೆ ಗಾಳಿ ಬಿಡುವ ತಿರುಪು ಕೈತಪ್ಪಿ ಮುಳ್ಳು ಒಮ್ಮೆಲೇ ಕೆಳಕ್ಕೆ ಬಿತ್ತು.

ಪರೀಕ್ಷಕರು ಎರಡು ಬೆರಳು ತೋರಿಸಿದರು. ಎರಡನೆಯದು, ಕೊನೆಯದು.

ಹುಡುಗಿ ಅಳಲು ಶುರು ಮಾಡುವವಳಿದ್ದಳು. ಆ ಗಲ್ಲ ಹಾಗೆ ಕುಣಿಯುವುದನ್ನು ತಾಯಿ ಇಪ್ಪತ್ತೆರಡು ವರ್ಷದಿಂದ ನೋಡಿದ್ದಳು. ತಬ್ಬಿಕೊಳ್ಳುವಂತಿಲ್ಲ, ಮಗಳೇ ಎನ್ನುವಂತಿಲ್ಲ. ಎದ್ದು ಕೂರುವಂತೆಯೂ ಇಲ್ಲ, ರೋಗಿ ಅಲುಗಿದರೆ ಅಂಕಿ ಕೆಡುತ್ತದೆ.

"ನಿಧಾನ ಮಾಡಿ, ಮೇಡಂ," ಎಂದಳು. "ನನಗಿನ್ನು ಯಾವ ಅವಸರವೂ ಇಲ್ಲ."

ಹುಡುಗಿ ಮೂಗೆಳೆದುಕೊಂಡಳು. ತೋಳಿನಿಂದ ಕಣ್ಣೊರೆಸಿ, ಕೈಗವಸು ಸರಿಮಾಡಿಕೊಂಡು, ಮೊದಲಿನಿಂದ ಎಲ್ಲವನ್ನೂ ಮತ್ತೆ ಹೇಳುತ್ತಾ ಬಂದಳು. ಮಣಿಕಟ್ಟಿನ ಮೇಲೆ ಬೆರಳು ಸರಿಯಾದ ಜಾಗದಲ್ಲಿ ಕೂತಿತು, ಅದು ತಾಯಿಗೆ ಚರ್ಮದಲ್ಲೇ ಗೊತ್ತಾಯಿತು. ತೋಳು ಬಿಗಿಯಿತು. ಈ ಸಲ ಅದು ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ಸಡಿಲವಾಗುತ್ತಾ ಬಂತು. ಇಬ್ಬರೂ, ಹುಡುಗಿಯೂ ಪರೀಕ್ಷಕರೂ, ತಲೆ ಬಗ್ಗಿಸಿ ಕೇಳುತ್ತಿದ್ದರು. ಅವಳ ಮೈಯೊಳಗಿನ ಸದ್ದನ್ನು ಅವಳೊಬ್ಬಳನ್ನು ಬಿಟ್ಟು ಕೋಣೆಯಲ್ಲಿದ್ದವರೆಲ್ಲ ಕೇಳುತ್ತಿದ್ದರು. ಒಂದು ಹಂತದಲ್ಲಿ ಹುಡುಗಿಯ ಹುಬ್ಬು ಏರಿತು. ಬಹಳ ಹೊತ್ತಾದ ಮೇಲೆ ಇಳಿಯಿತು.

ಕೊಳವೆ ತೆಗೆದ ಹುಡುಗಿ ಮೇಜಿನ ಕಡೆಗೆ ತಿರುಗಲಿಲ್ಲ. ಮಂಚದ ಮೇಲೆ ಬಗ್ಗಿ, ಬೇಕಾದ್ದಕ್ಕಿಂತ ಗಟ್ಟಿಯಾಗಿ, ಒಂದೊಂದು ಅಕ್ಷರಕ್ಕೂ ತುಟಿ ಬಿಡಿಸಿ ಹೇಳಿದಳು.

"ಮೇಲಿಂದು ನೂರ ಅರವತ್ತನಾಲ್ಕು. ಕೆಳಗಿಂದು ತೊಂಬತ್ತೆಂಟು."

"ಅಂಕಿ ಹೇಳಬೇಕಾದ್ದು ನನಗೆ," ಎಂದರು ಪರೀಕ್ಷಕರು. ದನಿಯಲ್ಲಿ ಸಿಟ್ಟಿರಲಿಲ್ಲ. ಒಬ್ಬರ ಮುಖ ನೋಡಿದರು, ಇನ್ನೊಬ್ಬರ ಮುಖ ನೋಡಿದರು, ಪೆನ್ನಿನ ಮುಚ್ಚಳವನ್ನು ಒಮ್ಮೆ ಹಾಕಿ ತೆಗೆದರು. "ನನಗೂ ಅಷ್ಟೇ ಬಂತು. ಸರಿಯಾಗಿದೆ." ಹದಿನಾಲ್ಕನೇ ಹಾಳೆಯ ಮೇಲೆ ಗುರುತು ಬಿತ್ತು.

ಮಂಚದ ಮೇಲೆ ಅವಳು ಹಾಗೆಯೇ ಮಲಗಿದ್ದಳು. ಪಟ್ಟಿಯಲ್ಲಿ ಉಳಿದಿದ್ದ ಗಾಳಿ ಹೋಗುತ್ತಾ ಹೋಗುತ್ತಾ ಅದು ತೋಳಿನ ಮೇಲೆ ಚಪ್ಪಟೆಯಾಯಿತು. ಬಿಚ್ಚಬೇಕಾದ ಹುಡುಗಿಯ ಕೈ ಅದರ ಮೇಲೆಯೇ ಇತ್ತು.